ಸಿ.ಎಫ್. ಅಂದ್ರೆ ಕನ್‌ಫರ್ಮ್ ಅಲ್ವಾ?

"ಈ ಚೀಟಿ ಬರೆದಿದ್ದು ನೀವೇ ತಾನೇ?"

ಅವನು ಅಂಗಡಿಯೊಳಗೆ ಕಾಲಿಡುವ ಮೊದಲೇ ಅವಳು ಕೇಳಿದಳು. ಕೈ ಒದ್ದೆ, ಕಣ್ಣೂ ಒದ್ದೆ!

ಸೋದರಮಾವನ ಅಕ್ವೇರಿಯಂ ಅಂಗಡಿಯಲ್ಲಿ ನೀರಿನ ಗಿಡಗಳ ಉಸ್ತುವಾರಿ ಅವಳದು. ಅವನು ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು. ಎರಡು ತಿಂಗಳ ಹಿಂದೆ, ಹೆಸರು ಗೊತ್ತಿಲ್ಲದ ಗಿಡಗಳಿಗೆಲ್ಲ ಅವನೇ ಚೀಟಿ ಬರೆದುಕೊಟ್ಟಿದ್ದ. ಅಂದಿನಿಂದ ಆ ದುಂಡನೆಯ ಅಕ್ಷರ ಕಂಡರೆ ಸಾಕು, ಅವಳಿಗೆ ಏನೋ ಖುಷಿ...

"ಹೌದು, ನಾನೇ. ಏನಾಯ್ತು?"

"ಇದರಲ್ಲಿರೋ ಸಿ.ಎಫ್. ಅಂದ್ರೆ ಕನ್‌ಫರ್ಮ್ ಅಂದ್ಕೊಂಡೆ! ಗಿಡ್ಡ ಜಾತಿ, ಗ್ಯಾರಂಟಿ ಅಂತ ನಮ್ಮ ಗಿರಾಕಿ ಡಾಕ್ಟರಮ್ಮನಿಗೆ ಕೊಟ್ಟೆ. ಈಗ ಮೊಳದುದ್ದ ಬೆಳೆದು ಅವರ ತೊಟ್ಟೀಲಿ ಮೀನೇ ಕಾಣ್ತಿಲ್ವಂತೆ. ಇನ್ಮೇಲೆ ಚೀಟಿ ಮುಟ್ಬೇಡ ಅಂದ್ರು ಮಾವ."

"ಅಯ್ಯೋ... ಅದು ಕನ್‌ಫರ್ಮ್ ಅಲ್ಲ ರೀ. ಈ ಜಾತಿ ಥರ ಕಾಣುತ್ತೆ, ಹೋಲಿಸಿ ನೋಡಿ, ಖಚಿತವಿಲ್ಲ ಅಂತ ಅರ್ಥ."

ಅವಳು ಇನ್ನೊಂದು ಚೀಟಿಯತ್ತ ಬೆರಳು ತೋರಿಸಿದಳು.

"ಹಾಗಾದ್ರೆ ಎಸ್‌ಪಿ.? ಸ್ಪೆಷಲ್ ಅಲ್ವಾ?"

"ಕುಲ ಗೊತ್ತು, ಅದರಲ್ಲಿ ಯಾವ ಜಾತಿ ಅನ್ನೋದು ಗೊತ್ತಿಲ್ಲ ಅಂತ."

"ಅದನ್ನೆಲ್ಲ ಸ್ಪೆಷಲ್ ಅಂತ ಮುಂದಿನ ಸಾಲಲ್ಲಿ ಇಟ್ಟಿದ್ದೀನಲ್ಲ!"

ಅವನಿಗೆ ನಗು ತಡೆಯಲಾಗಲಿಲ್ಲ. ಅವಳ ಮುಖ ಕೆಂಪೇರಿತು. 'ನನ್ನನ್ನ ದಡ್ಡಿ ಅಂದ್ಕೊಂಡ್ರು...' ದುಡುದುಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊರಗೆ ಅವನು ಮಾವನಿಗೆ ಹೇಳುತ್ತಿದ್ದುದು ಕೇಳಿಸಿತು.

"ತಪ್ಪು ನಂದೇ ಸಾರ್. ಬರೆದುಕೊಟ್ಟೆ, ಅರ್ಥ ಹೇಳ್ಲಿಲ್ಲ. ಅವರನ್ನ ಬೈಬೇಡಿ. ಡಾಕ್ಟರಮ್ಮನ ಮನೆಗೆ ನಾನೇ ಹೋಗಿ ಸರಿಮಾಡ್ತೀನಿ."

ಅವಳ ಕೋಪ ಅಲ್ಲೇ ಕರಗಿಹೋಯಿತು. ಬಾಗಿಲು ತೆರೆದಳು.

"ನಾನೂ ಬರ್ತೀನಿ."

ಇಬ್ಬರೂ ಮೊಣಕೈವರೆಗೆ ನೀರಲ್ಲಿ ಕೈಬಿಟ್ಟು ಡಾಕ್ಟರಮ್ಮನ ತೊಟ್ಟಿಯ ಗಿಡ ಕಿತ್ತರು, ಗಿಡ್ಡನೆಯವನ್ನು ನೆಟ್ಟರು. ಆಮೇಲೆ ದಿನಾ ಸಂಜೆ ಅಂಗಡಿಯಲ್ಲೇ ಪಾಠ. 'ವಿಎಆರ್.' ಅಂದರೆ ಒಂದೇ ಜಾತಿಯೊಳಗಿನ ಬೇರೆ ಬಗೆ ಎನ್ನುವುದೂ ಗೊತ್ತಾಯಿತು. ಒಂದು ದಿನ, ನೀರಿನ ಮೇಲೆ ಹೂ ಬಿಟ್ಟ ಗಿಡವೊಂದನ್ನು ಅವಳೇ ಪುಸ್ತಕದ ಜೊತೆ ಹೋಲಿಸಿ ಗುರುತಿಸಿದಳು. ಮಾವ ಪೆನ್ನು ಅವಳ ಕೈಗೇ ಕೊಟ್ಟರು.

"ಇನ್ಮೇಲೆ ಎಲ್ಲಾ ನೀನೇ ಬರಿಯಮ್ಮ."

ಮರುದಿನವೂ ಮೇಷ್ಟ್ರು ಹಾಜರ್!

"ಪಾಠ ಮುಗೀತಲ್ಲ, ಮತ್ತೇನು?" ಅವಳು ತುಟಿಯಂಚಿನಲ್ಲಿ ನಕ್ಕಳು.

"ಇವತ್ತು ಗಿಡ ನೋಡೋಕೆ ಬಂದಿಲ್ಲ." ಅವನು ತಡವರಿಸಿದ. "ನೀವಂದ್ರೆ ನಂಗೆ ತುಂಬಾ ಇಷ್ಟ... ಮಾವನ ಹತ್ರ ಮಾತಾಡ್ಲಾ?"

ಅವಳು ತಲೆ ತಗ್ಗಿಸಿದಳು.

"ಬೇಡ."

ಅವನು ಹೊರಡಲು ತಿರುಗಿದ.

"ನಿನ್ನೆ ರಾತ್ರೀನೇ ನಾನು ಮಾತಾಡಿದ್ದಾಯ್ತು... ಒಳಗೆ ಬನ್ನಿ, ಕಾಯ್ತಿದ್ದಾರೆ."