ನೀಲಾಳ ತಪ್ಪು ಚಿತ್ರ

“ತಾಯಿ ರೊಟ್ಟಿ ಮಾಡಿದಳು,” ಎಂದು ನೀಲಾ ತಡವರಿಸದೆ ಓದಿದಳು. ಎದುರಿನ ಪರದೆಯ ಮೇಲೆ ತಾಯಿಯೂ ಮೂಡಲಿಲ್ಲ, ರೊಟ್ಟಿಯೂ ಮೂಡಲಿಲ್ಲ. ಮಾಸಿದ ಹಸಿರು ಚೌಕಳಿಯ ಬಟ್ಟೆಯೊಂದು ಪರದೆಯ ತುಂಬ ಹರಡಿಕೊಂಡು ಮೆಲ್ಲಗೆ ಅಲುಗಿತು, ಅಷ್ಟೆ.

ಧಾರವಾಡದ ಆ ಓದಿನ ಕೇಂದ್ರಕ್ಕೆ ಮನೋಬಿಂಬಕ ಯಂತ್ರ ಹೊಸದಾಗಿ ಬಂದಿತ್ತು. ಅಕ್ಷರ ಕೂಡಿಸಿ ಗಿಣಿಯಂತೆ ಒಪ್ಪಿಸುವ ಮಕ್ಕಳಿಗೆ ಓದಿದ್ದು ಅರ್ಥವಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅರ್ಥವಾದ ಮಾತು ಮನಸ್ಸಿನಲ್ಲಿ ಚಿತ್ರವಾಗುತ್ತದೆ. ತಲೆಗೆ ತೊಡಿಸಿದ ಮೆತ್ತನೆಯ ಟೊಪ್ಪಿಗೆ ಮಿದುಳಿನ ಸೂಕ್ಷ್ಮ ವಿದ್ಯುತ್ತನ್ನು ಹಿಡಿದು ಆ ಚಿತ್ರವನ್ನು ಪರದೆಗೆ ತರುತ್ತಿತ್ತು. ಪುಸ್ತಕದ ಚಿತ್ರಕ್ಕೆ ಹೋಲಿದರೆ ಸರಿ, ಹೋಲದಿದ್ದರೆ ತಪ್ಪು. ಪಾಪ, ಅಷ್ಟು ದೊಡ್ಡ ಯಂತ್ರಕ್ಕೆ ಅದಕ್ಕಿಂತ ಹೆಚ್ಚಿನದು ಗೊತ್ತಿರಲಿಲ್ಲ.

“ಆನಿ, ಬಸ್ಸು, ಮಳಿ ಎಲ್ಲಾ ಛಲೋ ಮೂಡ್ತಾವ. ತಾಯಿ ಅಂದ ಕೂಡ್ಲೆ ಈ ಚೌಕಳಿ ಅರಿವಿ ಬರ್ತದ. ಅಕಿಗೆ ಅರ್ಥ ಆಗಿಲ್ಲ,” ಎಂದರು ವಿಜ್ಞಾನಿ ಮಂದಾಕಿನಿ.

“ಅಕಿ ಅವ್ವ ಹ್ವಾದ ವರ್ಷ ತೀರಿಕೊಂಡಾಳ್ರಿ,” ಎಂದ ನೀಲಾಳ ತಂದೆ ದ್ಯಾಮಣ್ಣ.

ಮಂದಾಕಿನಿಯವರಿಗೆ ಅಯ್ಯೋ ಎನ್ನಿಸಿತು. “ಹಂಗಿದ್ರ ಈಗ್ಲೇ ಸರಿ ಮಾಡೂಣು. ಇಲ್ಲಾಂದ್ರ ತಾಯಿ ಬರೂ ಪಾಠ ಒಂದೂ ತಲಿಗೆ ಹತ್ತಂಗಿಲ್ಲ.”

ದ್ಯಾಮಣ್ಣ ಬಸ್ಸುಗಳ ಬ್ಯಾಟರಿ ರಿಪೇರಿ ಮಾಡುವವನು. ಶಾಲೆಯಲ್ಲಿ ತಾನು ಓದಿದ್ದೊಂದೂ ತಲೆಗೆ ಹೋಗದೆ ಬೈಸಿಕೊಂಡ ನೆನಪು ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಮಗಳಿಗೆ ಆ ಪಾಡು ಬೇಡವೆಂದು ಒಪ್ಪಿಕೊಂಡ.

ಚಿಕಿತ್ಸೆಯ ಹೆಸರು ಬಿಂಬಪೂರಣ. ನೀಲಾ ‘ತಾಯಿ’ ಎಂದು ಓದಿದಾಗಲೆಲ್ಲ, ಒಲೆಯ ಮುಂದೆ ನಿಂತು ನಗುವ ಪುಸ್ತಕದ ಹೆಂಗಸನ್ನು ಟೊಪ್ಪಿಗೆ ಅವಳ ಮನಸ್ಸಿಗೆ ನವಿರಾಗಿ ತಲುಪಿಸುತ್ತಿತ್ತು. ದಿನ ಕಳೆದಂತೆ ಬಟ್ಟೆ ಮಸುಕಾಯಿತು, ಹೆಂಗಸು ಸ್ಪಷ್ಟವಾದಳು. ನೀಲಾ ಪಾಸಾದಳು. ದ್ಯಾಮಣ್ಣ ಕೇಂದ್ರದವರಿಗೆಲ್ಲ ಪೇಢೆ ಹಂಚಿದ.

ಆ ಸಂಜೆ ಖುಷಿಯಲ್ಲಿ ಅವನೇ ಹಿಟ್ಟು ನಾದಿ ರೊಟ್ಟಿ ಬಡಿಯಲು ಕುಳಿತ. ನೀಲಾ ಎದುರು ನಿಂತು ನಕ್ಕಳು. “ಅವ್ವ ನಿಂತು ಮಾಡ್ತಿದ್ಲು, ನೀ ಯಾಕ ಕುಂತೀಯಪ್ಪ?”

“ಹುಚ್ಚಿ! ನಿಮ್ಮವ್ವ ಕುಂತೇ ಬಡೀತಿದ್ಲು. ನೀ ಹಿಂದ ಕುಂತು ಅಕಿ ಬೆನ್ನಿಗೆ ಗಲ್ಲ ಒತ್ತಿ ನಿದ್ದಿ ಹೊಡೀತಿದ್ದಿ. ಅಕಿ ಬಡದಂಗ ನೀನೂ ಅಲಗ್ತಿದ್ದಿ…”

ದ್ಯಾಮಣ್ಣನಿಗೆ ಪರದೆಯ ಮೇಲೆ ಅಲುಗುತ್ತಿದ್ದ ಆ ಬಟ್ಟೆ ಥಟ್ಟನೆ ನೆನಪಾಯಿತು. ಹೆಂಡತಿ ಸಾವಂತ್ರಿಯ ಹಸಿರು ಚೌಕಳಿ ಸೀರೆ! ಬೆನ್ನಿಗೆ ಕೆನ್ನೆಯಿಟ್ಟ ಮಗುವಿಗೆ ಕಾಣುವುದು ಅಷ್ಟೇ ಅಲ್ಲವೇ? ಮಗಳು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದಳು. ಆ ಚಿತ್ರವನ್ನು ಓದಲು ಬಾರದೆ ಹೋದದ್ದು ಅವನಿಗೆ, ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೆ.

ಬೆಳಗಾಗುತ್ತಲೇ ಕೇಂದ್ರಕ್ಕೆ ಓಡಿದ. “ಆ ಅರಿವಿ ವಾಪಸ್ ಕೊಡ್ರಿ ಮೇಡಂ. ಅದು ಅಕಿ ಅವ್ವ!”

ಎಲ್ಲ ಕೇಳಿದ ಮಂದಾಕಿನಿ ತಲೆ ತಗ್ಗಿಸಿದರು. “ತಪ್ಪು ಅಂತ ಬಂದ ಚಿತ್ರ ಯಂತ್ರ ಉಳಿಸಿಕೊಳ್ಳಂಗಿಲ್ಲ, ದ್ಯಾಮಣ್ಣ. ಮನಸ್ಸಿನ್ಯಾಗೂ ಹಳೇದರ ಮ್ಯಾಲೆ ಹೊಸದು ಕುಂತುಬಿಟ್ಟದ. ನನ್ನ ಕೈಲೆ ಆಗೂದಿಲ್ಲ.”

ಮನೆಗೆ ಬಂದು ಹೆಂಡತಿಯ ಫೋಟೊ ಇಳಿಸಿ ಮಗಳ ಮುಂದೆ ಹಿಡಿದ. ಕ್ಯಾಮೆರಾ ಎದುರು ಸಾವಂತ್ರಿ ಯಾವಾಗಲೂ ಬಿಗಿದುಕೊಂಡೇ ನಿಲ್ಲುತ್ತಿದ್ದಳು.

ನೀಲಾ ದಿಟ್ಟಿಸಿ ನೋಡಿದಳು. “ಇದು ಅವ್ವನಂಗ ಇಲ್ಲಪ್ಪ. ಅವ್ವ ನಗ್ತಿದ್ಲು. ಯಾವಾಗ್ಲೂ ನಗ್ತಿದ್ಲು, ಹೌದಲ್ಲ?”

ಮಗುವಿನ ಬಳಿ ಈಗ ಉಳಿದಿದ್ದ ತಾಯಿ ಪುಸ್ತಕದ ಆ ನಗುವ ಹೆಂಗಸೊಬ್ಬಳೇ. ಅವಳನ್ನೂ ಕಿತ್ತುಕೊಳ್ಳಲು ದ್ಯಾಮಣ್ಣನಿಗೆ ಮನಸ್ಸು ಬರಲಿಲ್ಲ.

“ಹೌದವಾ,” ಎಂದ. “ಯಾವಾಗ್ಲೂ ನಗ್ತಿದ್ಲು.”