ಕಪ್ಪುಕಿವಿಗೆ ಒಂದು ಬೊಗಸೆ ಹೆಚ್ಚು

“ಏ ಡುಮ್ಮಿ, ಸರಿ ಅತ್ಲಾಗೆ! ನಿನ್ನ ಪಾಲು ಆಯ್ತಲ್ಲ!”

ಐದನೇ ಕ್ಲಾಸಿನ ಚೂಟಿ ಮೊಣಕಾಲು ಅಡ್ಡ ಇಟ್ಟು ದೊಡ್ಡ ಕುರಿಯನ್ನು ತಡೆದಳು. ಆದರೂ ಡುಮ್ಮಿ ತಲೆ ತೂರಿಸಿ ಪಕ್ಕದ ಕುರಿ ಕಪ್ಪುಕಿವಿಯ ನುಚ್ಚಿಗೆ ಬಾಯಿ ಹಾಕಿತು. ಗಬ್ಬದ ಕಪ್ಪುಕಿವಿ ಜಗಳಕ್ಕೆ ಹೋಗದೆ ಮೂಲೆಗೆ ಸರಿಯಿತು.

“ಚಿಕ್ಕಪ್ಪ, ಇವಳನ್ನ ಬೇರೆ ಕಟ್ಟೋಣ. ತುಂಬಾ ಸಣ್ಣ ಆಗಿದ್ದಾಳೆ.”

ಕೊಟ್ಟಿಗೆ ಗುಡಿಸುತ್ತಿದ್ದ ಚಿಕ್ಕಪ್ಪ ನಕ್ಕರು. “ಸಣ್ಣಾನಾ? ಕುಂಬಳಕಾಯಿ ಹಂಗಿದ್ದಾಳೆ! ನಿನ್ನ ಕಣ್ಣು ಟೆಸ್ಟ್ ಮಾಡಿಸ್ಬೇಕು.”

“ಅದು ಬರೀ ಉಣ್ಣೆ. ಕೈ ಇಟ್ಟು ನೋಡಿ.”

ಚಿಕ್ಕಪ್ಪ ಉಣ್ಣೆಯೊಳಗೆ ಬೆರಳು ಇಳಿಸಿದರು. ಬೆನ್ನಿನ ಮೂಳೆ ಬಾಚಣಿಗೆ ಹಲ್ಲಿನಂತೆ ಚುಚ್ಚಿತು. ಅವರ ನಗು ನಿಂತಿತು. ಹೋದ ವರ್ಷ ಕಪ್ಪುಕಿವಿಯ ಮರಿ ಎದ್ದು ನಿಲ್ಲಲಾರದೆ ಸತ್ತುಹೋಗಿತ್ತು.

“ಸರಿ, ಬೇರೆ ಕಟ್ಟು. ಎರಡು ಹೊತ್ತೂ ಒಂದೊಂದು ಬೊಗಸೆ ಹೆಚ್ಚು ಹಾಕು. ಪ್ರೀತಿ ಅಂತ ಸುರಿಬೇಡ ಮತ್ತೆ. ಮರಿ ದಪ್ಪ ಆದ್ರೆ ಹೊರಗೆ ಬರೋದೇ ಕಷ್ಟ.”

ಚೂಟಿಯ ತಲೆಗೆ ಹುಳ ಬಿಟ್ಟಂತಾಯಿತು. ಕೊಟ್ಟರೂ ಭಯ, ಬಿಟ್ಟರೂ ಭಯ. ಬೆಳಿಗ್ಗೆ ಯೂನಿಫಾರ್ಮ್ ಹಾಕುವ ಮೊದಲು, ಸಂಜೆ ಬ್ಯಾಗ್ ಇಳಿಸಿದ ತಕ್ಷಣ ಬೊಗಸೆ ತುಂಬುವಳು. ಮೇಲೆ ನಿಂತ ನಾಲ್ಕು ಕಾಳನ್ನು ವಾಪಸ್ ಚೀಲಕ್ಕೆ ಹಾಕುವಳು. ಕಪ್ಪುಕಿವಿ ತಿಂದು ಮುಗಿಸುವವರೆಗೂ ಡುಮ್ಮಿ ಬಾರದಂತೆ ಕಾವಲು.

ಒಂದು ದಿನ ಲೇಟಾಗಿ ಕ್ಲಾಸಿನ ಹೊರಗೆ ನಿಂತದ್ದೂ ಆಯಿತು.

“ಶೀ, ನಿನ್ನ ಮೈಯೆಲ್ಲಾ ಕುರಿ ವಾಸನೆ!” ಎಂದಳು ಪಕ್ಕದ ಬೆಂಚಿನವಳು.

“ಹೂಂ, ಹೊಸ ಸೆಂಟು,” ಎಂದು ಚೂಟಿ ಕುಳಿತಳು.

ಮೂರು ವಾರ ಕಳೆದು ಒಂದು ಭಾನುವಾರ, ಊಟದ ಹೊತ್ತಿಗೆ ನೋವು ಶುರುವಾಗಿ ಕಪ್ಪುಕಿವಿ ಕಾಲಿನಿಂದ ನೆಲ ಕೆರೆಯತೊಡಗಿತು.

“ಮರಿ ಸಿಕ್ಕಿಹಾಕ್ಕೊಂಡಿಲ್ಲ ತಾನೇ?” ಚೂಟಿ ಹತ್ತು ಸಲ ಕೇಳಿದಳು.

“ಸುಮ್ನಿರೇ, ನನಗೂ ಗಾಬರಿ ಹುಟ್ಟಿಸ್ತೀಯ!”

ಮರಿ ಸಲೀಸಾಗಿ ಜಾರಿ ಬಂತು. ಚೂಟಿ ಉಸಿರು ಬಿಡುವಷ್ಟರಲ್ಲಿ ಚಿಕ್ಕಪ್ಪ ಕೂಗಿದರು, “ಅಯ್ಯೋ, ಇನ್ನೊಂದು ಇದೆ ಕಣೇ!”

ಒದ್ದೆ ಮರಿಗಳು ತಲೆ ಕೊಡವಿದವು. ಮೊದಲನೆಯದು ಎದ್ದಿತು, ಬಿದ್ದಿತು, ಮತ್ತೆ ಎದ್ದು ಕೆಚ್ಚಲು ಹುಡುಕಿತು. ಎರಡನೆಯದೂ ಬಿಡಲಿಲ್ಲ. ಚಿಕ್ಕಪ್ಪ ಮೊಲೆ ಹಿಂಡಿ ನೋಡಿದರು. ಹಳದಿ ಗಿಣ್ಣುಹಾಲು ದಪ್ಪಗೆ ಇಳಿಯಿತು.

ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಇಣುಕಿದರು. “ಏನಪ್ಪಾ, ಈ ಸಲ ಏನು ತಿನ್ನಿಸ್ದೆ?”

“ನನ್ನೇನು ಕೇಳ್ತೀರಿ?” ಚಿಕ್ಕಪ್ಪನ ದನಿ ಬೀದಿಗೆಲ್ಲ ಕೇಳುವಂತಿತ್ತು. “ನಮ್ಮ ಹುಡುಗೀನ ಕೇಳಿ!”

ಬಾಲ ಕುಣಿಸುತ್ತ ಹಾಲು ಚಪ್ಪರಿಸುತ್ತಿದ್ದ ಮರಿಗಳನ್ನೇ ಚೂಟಿ ನೋಡಿದಳು. ಇಷ್ಟು ದಿನ ತನ್ನ ಬೊಗಸೆಯಿಂದ ಉಂಡವರು ಒಬ್ಬರಲ್ಲ, ಮೂವರು.