ಮೂರು ಭಾನುವಾರ

ಒಂದು ಗಂಟೆಯ ಕೆಲಸವನ್ನು ನಾನು ಮೂರು ವಾರ ಎಳೆದೆ.

ಒಂದು ಶನಿವಾರ ಪುಸ್ತಕ ಬೈಂಡ್ ಮಾಡುವವನೊಬ್ಬ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಮುದಿ ಲ್ಯಾಪ್‌ಟಾಪ್ ಒಂದನ್ನು ಎದೆಗವಚಿಕೊಂಡು ಬಂದಿದ್ದ. ಬೆರಳ ತುಂಬ ಒಣಗಿದ ಅಂಟು, ಕಿವಿಯ ಮೇಲೆ ಪೆನ್ಸಿಲ್. ಹಳೆಯ ಬ್ರೌಸರ್‌ನಲ್ಲಿ ವಿಡಿಯೋ ಕಾಲ್ ತೆರೆಯುತ್ತಿಲ್ಲ, ಹೊಸ ಬ್ರೌಸರ್ ಈ ಯಂತ್ರಕ್ಕೆ ಒಗ್ಗುತ್ತಿಲ್ಲ ಎಂದ. ಅವನದು ಬಟನ್ ಫೋನ್. ಏಳು ವರ್ಷದ ಮಗಳು ತಾಯಿಯ ಜೊತೆ ದೂರದೂರಿನಲ್ಲಿದ್ದಳು. ಮುಖ ನೋಡಲು ಸಿಗುವುದು ಭಾನುವಾರದ ವಿಡಿಯೋ ಕಾಲ್‌ನಲ್ಲಿ ಮಾತ್ರ.

ಹಳೆಯ ಆಪರೇಟಿಂಗ್ ಸಿಸ್ಟಮ್ ತೆಗೆದು ಹಗುರವಾದ ಹೊಸದನ್ನು ಹಾಕಿದರೆ ಸಾಕೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅಷ್ಟರಲ್ಲಿ ಅವನು ಮೇಜಿನ ಮೇಲಿದ್ದ ನನ್ನ ಮಗಳ ಹರಿದ ಪಠ್ಯಪುಸ್ತಕವನ್ನು ಎತ್ತಿಕೊಂಡು, ಜೇಬಿನಿಂದ ಸೂಜಿ ತೆಗೆದು, ಕೇಳದೆಯೇ ಹೊಲಿಯತೊಡಗಿದ. ದಾರವನ್ನು ಹಲ್ಲಿನಲ್ಲಿ ಕಡಿಯುವಾಗ ಓರೆಗಣ್ಣಿನಿಂದ ನನ್ನನ್ನು ನೋಡಿದ.

ನನ್ನ ಮನೆಯದೇನನ್ನಾದರೂ ಬೇರೆಯವರು ಸರಿಮಾಡಿ ಎಷ್ಟು ಕಾಲವಾಗಿತ್ತೋ. ಸ್ವಲ್ಪ ಕಷ್ಟವಿದೆ, ಮುಂದಿನ ಶನಿವಾರ ಬನ್ನಿ ಎಂದುಬಿಟ್ಟೆ.

ಬಂದ. ಇನ್ನೊಂದು ಪುಸ್ತಕ ಹೊಲಿದ. ನಾನು ಇನ್ನೊಂದು ನೆಪ ಹೇಳಿದೆ. ಮೂರನೆಯ ವಾರ, ನಿಮ್ಮಂಥ ಡಾಕ್ಟರ್ ಸಿಕ್ಕರೆ ರೋಗಿ ಮನೆಗೆ ಹೋದ ಹಾಗೇ ಎಂದು ಛೇಡಿಸಿದ. ನಕ್ಕೆ. ಆದರೆ ಬೆಳಿಗ್ಗೆ ನನ್ನ ಮಗಳಿಗೆ ಜಡೆ ಹಾಕುವಾಗ, ಯಾರದೋ ಕೂಸನ್ನು ಬಚ್ಚಿಟ್ಟುಕೊಂಡವಳಂತೆ ಅವಳ ಮುಖ ನೋಡಲಾಗುತ್ತಿರಲಿಲ್ಲ.

ನಾಲ್ಕನೆಯ ವಾರ ಭಾನುವಾರವೇ ಬಂದ. ತನ್ನ ಮಗಳ ಮುಂದಿನ ಹಲ್ಲು ಬಿದ್ದಿದೆಯಂತೆ, ಫೋನಿನಲ್ಲಿ ಮಾತೆಲ್ಲ ಸೀಟಿಯಂತೆ ಕೇಳುತ್ತದಂತೆ. ತಾನು ನೋಡುವಷ್ಟರಲ್ಲಿ ಹೊಸ ಹಲ್ಲೇ ಬಂದಿರುತ್ತದೆ ಎಂದು ನಗಲು ನೋಡಿದ. ನಗು ಬರಲಿಲ್ಲ.

“ಮೊದಲನೇ ದಿನವೇ ಆಗ್ತಿತ್ತು,” ಎಂದೆ. “ನೀವು ಬರ್ತಾ ಇರ್ಬೇಕು ಅಂತ ಬೇಕಂತಲೇ ಎಳೆದೆ.”

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟ.

“ಸುಮ್ನೆ ಕರೆದಿದ್ರೂ ಬರ್ತಿದ್ದೆನಲ್ಲ,” ಎಂದ. “ಅವಳ ಮೂರು ಭಾನುವಾರ ಯಾಕೆ ತಗೊಂಡ್ರಿ?”

ನಾನು ಲ್ಯಾಪ್‌ಟಾಪ್ ತೆರೆದೆ. ಕೆಲಸಕ್ಕೆ ಕೂತೆ. ಸರಿಯಾಗಿ ಒಂದು ಗಂಟೆ ಹಿಡಿಯಿತು. ಕೊನೆಗೆ ಹೊಸ ಬ್ರೌಸರ್ ತೆರೆದುಕೊಂಡಿತು. ಅವನು ಮಗಳಿಗೆ ಕಾಲ್ ಮಾಡಿದ. ಪರದೆಯ ತುಂಬ ಒಂದು ಬೊಚ್ಚುಬಾಯಿ ನಗು. ಅವನು ಕಣ್ಣೊರೆಸಿಕೊಂಡ. ನಾನು ಎದ್ದು ಬಾಗಿಲ ಕಡೆ ಸರಿದೆ.

“ಅಪ್ಪಾ, ಹಿಂದೆ ಯಾರು ಅದು?”

ಅವನು ಪರದೆಯನ್ನು ತುಸು ಓರೆ ಮಾಡಿದ.

“ತಡ ಮಾಡಿದವ್ರೂ ಇವ್ರೇ, ಸರಿ ಮಾಡಿದವ್ರೂ ಇವ್ರೇ.”

ಆಮೇಲೆ, ನನ್ನತ್ತ ತಿರುಗದೆಯೇ, ತನ್ನ ಕುರ್ಚಿಯನ್ನು ಇನ್ನೊಬ್ಬರು ಕೂರುವಷ್ಟು ಪಕ್ಕಕ್ಕೆ ಎಳೆದುಕೊಂಡ.